ಒಂದೂ ಹಡಗಿಲ್ಲದೆ ಕಡಲ ಕೋಟೆಯನ್ನು ಗೆದ್ದ ಬಗೆ

ಕಳೆದ ಮಾರ್ಚ್‌ನಲ್ಲಿ ಕುಂಬಳೆಯ ನಮ್ಮ ಮನೆಯ ಚಾವಡಿಯಲ್ಲಿ, ಮರಳುಮೇಜಿನ ಮೇಲೆ, ಒಂದೇ ಒಂದು ಹಡಗಿಲ್ಲದ ನನ್ನ ಸೈನ್ಯವು ಬಂದರುಕೋಟೆಯೊಂದನ್ನು ಆಟದ ಲೆಕ್ಕದ ಏಳನೆಯ ವಾರದಲ್ಲಿ ವಶಪಡಿಸಿಕೊಂಡಿತು. "ಕಡಲು ತೆರೆದಿರುವಷ್ಟು ಕಾಲ ಕೋಟೆ ಬೀಳುವುದುಂಟೇ ಮಾಸ್ಟ್ರೇ?" ಎಂದು ಮೂರು ವರ್ಷ ನಕ್ಕಿದ್ದ ಎದುರಾಳಿ ವಕೀಲರು ಅಂದು ಚಹಾ ಆರಿದರೂ ಮೇಜನ್ನೇ ನೋಡುತ್ತಾ ಕುಳಿತಿದ್ದರು. ನಾವಾಡುವುದು ಮುತ್ತಿಗೆಯಾಟ: ಮೇಜಿನ ಮೇಲಿನ ಮಾದರಿ ಕೋಟೆಯನ್ನು ಒಬ್ಬರು ಮುತ್ತುತ್ತಾರೆ, ಇನ್ನೊಬ್ಬರು ಕಾಯುತ್ತಾರೆ. ಸೋತ ಕಥೆಯಿಂದಲೇ ತೊಡಗುತ್ತೇನೆ.

ಇತಿಹಾಸದಿಂದ ನಾನು ಎತ್ತಿಕೊಂಡ ಮಾದರಿಗಳಲ್ಲಿ ಮೊದಲು ಕೈಕೊಟ್ಟದ್ದು ಟೈರ್, ಇಂದಿನ ಲೆಬನಾನಿನ ಕರಾವಳಿಯ ಹಳೆಯ ನಗರ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರನು ಆ ದ್ವೀಪನಗರಕ್ಕೆ ಕಲ್ಲುಮಣ್ಣಿನ ದಾರಿ ಕಟ್ಟಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಟೈರಿನವರು ಉರಿಯುವ ಹಡಗನ್ನು ನುಗ್ಗಿಸಿ ಆ ದಾರಿಯ ಮೇಲಿನ ಗೋಪುರಗಳನ್ನು ಸುಟ್ಟರೆಂಬುದನ್ನೂ, ಸೈಪ್ರಸ್ ಮತ್ತು ಫಿನೀಷಿಯದ ಇನ್ನೂರಕ್ಕೂ ಮಿಕ್ಕ ಹಡಗುಗಳು ಬಂದು ಸೇರಿದ ಮೇಲೆಯೇ ಏಳು ತಿಂಗಳ ಮುತ್ತಿಗೆ ಮುಗಿಯಿತೆಂಬುದನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ವಕೀಲರು ಹಿಡಿದಿದ್ದರು. ನನ್ನ ದಾರಿ ನಾಲ್ಕು ಸಲ ಸುಟ್ಟುಹೋಯಿತು.

ಖರ್ಚಿನ ವಿಚಾರವನ್ನೂ ಹೇಳಲೇಬೇಕು. ನಾಲ್ಕು ಸಾವಿರದ ಪ್ಲೈವುಡ್ ಹಲಗೆ ಆಟಿ ತಿಂಗಳ ತೇವಕ್ಕೆ ಉಬ್ಬಿ, ಮುರಕಲ್ಲಿನ (ಜಂಬಿಟ್ಟಿಗೆಯ) ಪುಡಿಗೆ ಫೆವಿಕಾಲ್ ಕಲಸಿ ಎಬ್ಬಿಸಿದ ಪಡುವಣ ಬುರುಜು ಯಾವ ಫಿರಂಗಿಯ ಹೊಡೆತವೂ ಇಲ್ಲದೆ ತಾನಾಗಿ ಬಿರಿಯಿತು. ಎರಡನೆಯ ಮೇಜಿಗೆ ಅದರ ದುಪ್ಪಟ್ಟಾಯಿತು. ಒಟ್ಟು ಹದಿನೆಂಟು ಸಾವಿರ ಆಗಿರಬಹುದೆಂದು ನನ್ನ ನೆನಪು, ಮನೆಯವಳ ನೆನಪಿನಲ್ಲಿ ಅದು ಇಪ್ಪತ್ತೈದು.

ಬಂದರಿನ ಬಾಯನ್ನೇ ದಂಡೆ ಕಟ್ಟಿ ಮುಚ್ಚಬಹುದೇ ಎಂದು ನೋಡಲು ನಡುವೆ ಒಂದು ಹುಚ್ಚನ್ನೂ ಮಾಡಿದೆ. ಇಳಿತದ ಹೊತ್ತಿನಲ್ಲಿ ಶಿರಿಯ ಹೊಳೆಯ ಅಳಿವೆಯ ಬಳಿ, ಒಂದು ಕಿರುಗಾಲುವೆಗೆ ಅಡ್ಡಲಾಗಿ ಅಡಿಕೆ ಮರದ ಸಲಾಕೆಗಳನ್ನು ನೆಟ್ಟು, ಕಲ್ಲು ತುಂಬಿ, ಮೊಣಕಾಲೆತ್ತರದ ದಂಡೆ ಕಟ್ಟಿದೆ. ಕಂಡಿ ಕಿರಿದಾದಂತೆಲ್ಲ ನೀರಿನ ಸೆಳೆತ ಹೆಚ್ಚಿ, ದಂಡೆಯ ತುದಿಯ ಅಡಿಯ ಮರಳನ್ನೇ ಕೊರೆದು ಕಲ್ಲುಗಳನ್ನು ನುಂಗಿತು. 1627–28ರಲ್ಲಿ ಫ್ರಾನ್ಸಿನ ಲಾ ರೋಷೆಲ್ ಬಂದರಿಗೆ ಹಡಗು ಬಾರದಂತೆ ಅಡ್ಡವಾಗಿ ಮಂತ್ರಿ ರಿಶೆಲ್ಯೂ ಕಟ್ಟಿಸಿದ ಸುಮಾರು ಒಂದೂವರೆ ಕಿಲೋಮೀಟರ್ ದಂಡೆಯ ನಡುವೆ ನೀರು ಹಾಯಲು ಏಕೆ ಕಂಡಿ ಬಿಟ್ಟಿದ್ದರೆಂಬುದು ಆ ಸಂಜೆ ಒದ್ದೆ ಪಂಚೆಯಲ್ಲಿ ನಿಂತಾಗ ಅರ್ಥವಾಯಿತು.

ಉಪವಾಸ ಕೆಡವುವ ಉಪಾಯವೂ ಫಲಿಸಲಿಲ್ಲ. ನಮ್ಮ ಆಟದಲ್ಲಿ ಒಂದು ಗೋಟಡಿಕೆ ಎಂದರೆ ಕೋಟೆಗೆ ಒಂದು ವಾರದ ದವಸ. ವಕೀಲರು ಪ್ರತಿ ಸುತ್ತಿನಲ್ಲೂ ಹಾಳೆಯ ಹಡಗುಗಳಲ್ಲಿ ಹೊಸ ಅಡಿಕೆ ತಂದಿಳಿಸುತ್ತಿದ್ದರು. ನಮ್ಮ ಪಕ್ಕದ ಮಂಗಳೂರಿನಲ್ಲಿ 1783ರ ಮೇಯಿಂದ ಟಿಪ್ಪು ಹಾಕಿದ ಮುತ್ತಿಗೆಗೆ ಇಂಗ್ಲಿಷ್ ಸೇನಾನಿ ಕ್ಯಾಂಬೆಲ್‌ನ ಪಡೆ 1784ರ ಜನವರಿ 30ರಂದು ಹಸಿವು ಮತ್ತು ರೋಗಗಳಿಂದ ಶರಣಾಯಿತಾದರೂ, ಅಲ್ಲಿ ಕದನವಿರಾಮದ ಷರತ್ತುಗಳು ಇಂಗ್ಲಿಷ್ ಹಡಗುಗಳ ಕೈ ಕಟ್ಟಿದ್ದವು. ನನ್ನ ಎದುರಾಳಿ ಅಂಥ ಷರತ್ತಿಗೆ ಸಹಿ ಹಾಕುವವರಲ್ಲ. ಈಗಿನ ಬೆಲ್ಜಿಯಂನ, ಕಡಲು ತೆರೆದಿದ್ದ ಓಸ್ಟೆಂಡ್ ಬಂದರನ್ನು ಸ್ಪೇನಿನವರು 1601ರಿಂದ 1604ರವರೆಗೆ ಕಾದು ಗೆದ್ದರು. ಅಷ್ಟು ಕಾಲ ಸಂಬಳ ಕೊಡುವ ಖಜಾನೆ ನನಗಿರಲಿಲ್ಲ.

ದಾರಿ ತೋರಿದ್ದು ಪ್ಯಾಲೆಸ್ಟೈನ್ ಕರಾವಳಿಯ ಏಕರ್ ನಗರದ 1291ರ ಮುತ್ತಿಗೆ. ಕಡಲು ಕ್ರೈಸ್ತರದ್ದಾಗಿತ್ತು; ಮೇ ತಿಂಗಳಲ್ಲಿ ಸೈಪ್ರಸ್ಸಿನ ದೊರೆಯೇ ಹಡಗುಗಳೊಡನೆ ಬಂದಿಳಿದಿದ್ದ. ಆದರೂ ಈಜಿಪ್ಟಿನ ಸುಲ್ತಾನ್ ಖಲೀಲನು ಸುಮಾರು ಆರು ವಾರಗಳಲ್ಲಿ, ಮೇ 18ರಂದು, ನಗರದೊಳಗೆ ನುಗ್ಗಿದ. ಒಂದೇ ಭಾರೀ ಕವಣೆಯಂತ್ರವನ್ನು ಬಿಡಿಭಾಗಗಳಾಗಿ ನೂರು ಗಾಡಿಗಳಲ್ಲಿ, ಮಳೆ ಹಿಮಗಳಲ್ಲಿ ಎತ್ತುಗಳು ಸಾಯುತ್ತಿದ್ದರೂ, ನೆಲದ ಮೇಲೆಯೇ ಎಳೆದು ತಂದಿದ್ದರು. ಇದೇ ಏಕರನ್ನು ಮುತ್ತಲು 1799ರಲ್ಲಿ ನೆಪೋಲಿಯನ್ನನು ತನ್ನ ದೊಡ್ಡ ಫಿರಂಗಿಗಳನ್ನು ಕಡಲ ಮೇಲೆ ಕಳಿಸಿದ, ಅವು ಇಂಗ್ಲಿಷರ ಪಾಲಾದವು. ಅದಕ್ಕೇ ನಾನೂ ಆಟದಲ್ಲಿ ಗಾಡಿಗಳಿಗೆ ಹಣ ಸುರಿದೆ, ವಕೀಲರು ಅದನ್ನು ದಂಡವೆಂದೇ ತಿಳಿದಿದ್ದರು.

ಆದರೆ ಖಲೀಲನ ನಿಜವಾದ ಬಲ ಬುರುಜುಗಳ ಅಡಿ ತೋಡಿದ ಸುರಂಗಗಳಲ್ಲಿತ್ತು, ನನ್ನ ಸುರಂಗದ ನಿಯಮವೋ ಬರೀ ದಾಳದ ಮೇಲೆ ನಿಂತಿತ್ತು. ಬದಿಯಡ್ಕದ ಕಡೆ ನೀರಿಗಾಗಿ ಗುಡ್ಡಕ್ಕೆ ಸುರಂಗ ಕೊರೆದು ಬಾಳು ಸವೆಸಿದ ಹಿರಿಯರೊಬ್ಬರನ್ನು ಕರೆತಂದು ಮೇಜನ್ನು ತೋರಿಸಿದೆ. "ಗೋಡೆ ಎಷ್ಟು ದಪ್ಪ ಅಂತ ಯಾಕೆ ಮಾಸ್ಟ್ರೇ, ಅಡಿಯಲ್ಲಿ ಎಂಥ ಮಣ್ಣುಂಟು ಹೇಳಿ," ಎಂದರು. ಗಟ್ಟಿ ಮುರಕಲ್ಲಿನಲ್ಲಿ ದಿನಕ್ಕೆ ಒಂದೆರಡು ಕೋಲು (ಕೋಲೆಂದರೆ ಸುಮಾರು ಎರಡೂವರೆ ಅಡಿ) ಸಾಗಬಹುದು, ಜೇಡಿ ಬಂದರೆ ಮಾಡು ಕುಸಿಯುತ್ತದೆ, ಮರಳಿನಲ್ಲಿ ಕೊರೆಯುವ ಮಾತೇ ಬೇಡ ಎಂಬುದು ಅವರ ಲೆಕ್ಕ. ಮೇಜಿನ ಮೇಲೆ ಗೋಡೆಯುದ್ದಕ್ಕೂ ನೆಲದ ಬಗೆಯನ್ನು ಬಣ್ಣದಲ್ಲಿ ಗುರುತಿಸಿ ಹೊಸ ನಿಯಮ ಬರೆದೆ. ವಕೀಲರೂ ಒಪ್ಪಿ ಸಹಿ ಹಾಕಿದರು, ಹಾಕುವಾಗ ನಕ್ಕರು ಕೂಡ. ಅವರ ಹಡಗುಗಳು ಅಡಿಕೆ ಇಳಿಸುತ್ತಲೇ ಇದ್ದಾಗ ಮೂಡಣ ಬುರುಜು ಕುಸಿಯಿತು. ಉಗ್ರಾಣದಲ್ಲಿ ಇನ್ನೂ ಹನ್ನೊಂದು ಅಡಿಕೆ ಉಳಿದಿದ್ದವು.

ಒಂದೇ ಸುರಂಗ ತೋಡಿದೆನೋ ಮೂರೋ, ಎಲ್ಲಿಂದ ತೊಡಗಿದೆನೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೇ ಕೊನೆಯ ಪತ್ತನಾಜೆ (ತುಳುನಾಡಿನ ಆಚರಣೆ) ಕಳೆದ ಮೇಲೆ ಅದೇ ವಕೀಲರೊಡನೆ ಮರುಪಂದ್ಯವಿದೆ, ಈ ಸಲ ಕೋಟೆಯನ್ನು ಪೂರ್ತಿ ಮರಳಿನ ಮೇಲೆಯೇ ಕಟ್ಟಬೇಕೆಂದು ಅವರು ಹಟ ಹಿಡಿದಿದ್ದಾರೆ.