ಟರ್ಕಿಶ್ ಕಲಿಯುವುದು ಹೇಗೆ? ಪುಸ್ತಕ ಇಂಗ್ಲಿಷಿನದ್ದಿರಲಿ, ಯೋಚನೆ ಕನ್ನಡದಲ್ಲಿರಲಿ

ಇಂಗ್ಲಿಷ್ ಮಾತೃಭಾಷೆಯವರು ಟರ್ಕಿಶ್ ಕಲಿಯಲು ಸುಮಾರು 44 ವಾರ, 1,100 ಗಂಟೆಗಳ ತರಗತಿ ಬೇಕು. ಇದು ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯ ಅಂದಾಜು. ನಮಗೆ ಸಿಗುವ ಆ್ಯಪ್, ಪುಸ್ತಕಗಳೂ ಬಹುತೇಕ ಅವರಿಗಾಗಿಯೇ ತಯಾರಾದವು. ಆದರೆ ಅವರಿಗೆ ಕಬ್ಬಿಣದ ಕಡಲೆಯಾದ ಎಷ್ಟೋ ಪಾಠಗಳು ಕನ್ನಡ ಬಲ್ಲವರಿಗೆ ಆಗಲೇ ಗೊತ್ತಿರುವಂಥವು.

ಮೊದಲು ಉಚ್ಚಾರಣೆ. 1928ರಲ್ಲಿ ಟರ್ಕಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿಗೆ ಬಂತು. ಅಕ್ಷರ 29. ಹೆಚ್ಚುಕಡಿಮೆ ಬರೆದಂತೆಯೇ ಓದಬಹುದು. ಇಂಗ್ಲಿಷಿನ ಸಿ ಇಲ್ಲಿ ‘ಜ’, ಅದಕ್ಕೊಂದು ಬಾಲ ಬಂದರೆ ‘ಚ’. ಟ, ಡ, ಣ, ಳ ಇಲ್ಲ. ‘ತ’, ‘ದ’ ಎಂದೇ ಹೇಳಿ. ಎಂಟು ಸ್ವರಗಳಲ್ಲಿ ಮೂರು ಕನ್ನಡಕ್ಕೆ ಹೊಸವು. ತುಟಿಯನ್ನು ‘ಒ’ಗೆ ದುಂಡಗಿಟ್ಟು ‘ಎ’ ಅನ್ನಿ, ಒಂದು ಬಂತು. ‘ಉ’ಗೆ ಇಟ್ಟು ‘ಇ’ ಅನ್ನಿ, ಇನ್ನೊಂದು. ಮೂರನೆಯದು ಇಂಗ್ಲಿಷಿನ ಐ ಅಕ್ಷರದ ಚುಕ್ಕೆಯಿಲ್ಲದ ರೂಪ (ı). ತುಳುವಿನ ‘ಎಂಕ್’ ಪದದ ಕೊನೆಯಲ್ಲಿ ಕೇಳುವ ಅರೆ ಉಕಾರಕ್ಕೆ ಅದು ತುಂಬ ಹತ್ತಿರ. ತುಳುವರಿಗೆ, ಕೊಡವರಿಗೆ ಕಷ್ಟವೇ ಆಗದು. ಇನ್ನೊಂದು ಎಚ್ಚರಿಕೆ: ಪುಸ್ತಕಕ್ಕೆ ‘ಕಿತಾಪ್’, ‘ಕಿತಾಪು’ ಅಲ್ಲ. ಕೊನೆಗೆ ಉಕಾರ ಸೇರಿಸುವ ನಮ್ಮ ಅಭ್ಯಾಸವನ್ನು ಮೊದಲ ದಿನದಿಂದಲೇ ಬಿಡಬೇಕು.

ಎರಡನೆಯದು ಸ್ವರಗಳ ಹೊಂದಾಣಿಕೆ. ‘ಎವ್’ ಅಂದರೆ ಮನೆ, ಬಹುವಚನ ‘ಎವ್‌ಲೆರ್’. ‘ಅತ್’ ಅಂದರೆ ಕುದುರೆ, ಬಹುವಚನ ‘ಅತ್‌ಲರ್’. ಪದದಲ್ಲಿರುವ ಸ್ವರ ನೋಡಿಕೊಂಡು ಪ್ರತ್ಯಯ ತನ್ನ ಸ್ವರ ಬದಲಿಸುತ್ತದೆ. ನಿಯಮವನ್ನು ಉರು ಹೊಡೆಯಬೇಡಿ. ಪ್ರತಿ ಹೊಸ ಪದವನ್ನೂ ಬಹುವಚನದ ಜತೆಗೇ ಗಟ್ಟಿಯಾಗಿ ಹೇಳಿ. ಕಿವಿ ತಾನಾಗಿ ಪಳಗುತ್ತದೆ.

ಇನ್ನು ವಾಕ್ಯಕ್ಕೆ ಬನ್ನಿ. ನಿಜವಾದ ಸಂತೋಷ ಇರುವುದು ಇಲ್ಲಿ. ‘ದ್ಯೂನ್ ಗೆಲೆನ್ ಅದಮ್’ ಎಂದರೆ ‘ನಿನ್ನೆ ಬಂದ ಮನುಷ್ಯ’. ಪದಕ್ಕೆ ಪದ, ಅದೇ ಕ್ರಮ. ‘ಗೆಲಿಪ್ ಒತುರ್ದು’ ಎಂದರೆ ‘ಬಂದು ಕುಳಿತ’. ‘ಇದೆ’, ‘ಇಲ್ಲ’ಕ್ಕೆ ‘ವರ್’, ‘ಯೋಕ್’ ಇವೆ. ಇಂಗ್ಲಿಷಿನವರು ಹುಡುಕುವ ‘ಹ್ಯಾವ್’ ಕ್ರಿಯಾಪದ ಇಲ್ಲಿಲ್ಲ. ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’ ನಡುವಿನ ವ್ಯತ್ಯಾಸವೂ ಹಾಗೇ ಇದೆ: ‘ಕಿತಾಪ್ ಒಕುದುಮ್’, ‘ಕಿತಾಬಿ ಒಕುದುಮ್’. (ಈ ‘ಬಿ’ಯಲ್ಲಿರುವುದು ಚುಕ್ಕೆಯಿಲ್ಲದ ಆ ಸ್ವರ.)

ಕಣ್ಣಾರೆ ಕಂಡಿದ್ದರೆ ‘ಗೆಲ್ದಿ’, ಬಂದ. ಯಾರೋ ಹೇಳಿದ್ದು ಕೇಳಿದ್ದರೆ ‘ಗೆಲ್ಮಿಶ್’, ಬಂದನಂತೆ. ಇದನ್ನು ವಿವರಿಸಲು ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ಬರೆಯುತ್ತವೆ. ನಮಗೆ ಒಂದು ‘ಅಂತೆ’ ಸಾಕು. ಅಕ್ಕಪಕ್ಕದ ಸುದ್ದಿಯನ್ನೆಲ್ಲ ‘ಮಿಶ್’ ಹಚ್ಚಿ ಹೇಳುವ ಅಭ್ಯಾಸ ಮಾಡಿ. ಲಿಂಗಭೇದವಿಲ್ಲದ್ದರಿಂದ ಬಂದನಂತೆ, ಬಂದಳಂತೆ ಎರಡಕ್ಕೂ ಅದೇ ರೂಪ.

ಕನ್ನಡ ಕೈಕೊಡುವ ಜಾಗವೂ ಉಂಟು. ‘ಮನೆಯ ಬಾಗಿಲು’ ಎನ್ನಲು ‘ಎವಿನ್ ಕಪಿಸಿ’ ಎನ್ನಬೇಕು, ಅಂದರೆ ‘ಮನೆಯ ಅದರ ಬಾಗಿಲು’. ಸಂಬಂಧದ ಗುರುತು ಎರಡು ಪದಕ್ಕೂ ಬೀಳುತ್ತದೆ. ನಾವು ಎರಡನೆಯದನ್ನು ಮರೆಯುತ್ತೇವೆ. ಮನೆಯ ಸಾಮಾನುಗಳನ್ನೇ ತೋರಿಸಿಕೊಂಡು ಇಂಥ ಜೋಡಿಗಳನ್ನು ದಿನಾ ಹೇಳುವುದೇ ಇದಕ್ಕೆ ಮದ್ದು.

ಪದಸಂಪತ್ತಿಗೆ ಕನ್ನಡಕ್ಕೂ ಬಂದಿರುವ ಅರಬ್ಬಿ, ಪಾರ್ಸಿ ಮೂಲದ ಪದಗಳಿಂದ ಶುರುಮಾಡಿ: ಸಬುನ್, ಮೆಯ್ದಾನ್, ಜೆವಾಪ್, ಹವಾ. ಅರ್ಥ ನೋಡಿಕೊಳ್ಳಿ, ‘ಹಜಿರ್’ ಅಲ್ಲಿ ಹಾಜರಲ್ಲ, ತಯಾರು.

ಟರ್ಕಿಯ ಭಾಷೆ, ಸಂಸ್ಕೃತಿಯನ್ನು ಹೊರದೇಶಗಳಲ್ಲಿ ಪರಿಚಯಿಸುವ ಯೂನುಸ್ ಎಮ್ರೆ ಸಂಸ್ಥೆಯ ಆನ್‌ಲೈನ್ ಪಾಠಗಳನ್ನು ಮುಖ್ಯವಾಗಿ ಇಟ್ಟುಕೊಳ್ಳಿ. ಜತೆಗೆ ಸರ್ಕಾರಿ ವಾಹಿನಿ ಟಿಆರ್‌ಟಿಯ ಮಕ್ಕಳ ಕಾರ್ಯಕ್ರಮ ನೋಡಿ. ಧಾರಾವಾಹಿ ಆಮೇಲೆ, ಅದೂ ಟರ್ಕಿಶ್ ಸಬ್‌ಟೈಟಲ್ ಹಾಕಿಕೊಂಡು. ಮಾತಿಗೆ ಜನ ಸಿಕ್ಕಾಗ ಅಪರಿಚಿತರನ್ನು ‘ಸಿಜ್’ ಎಂದು ಬಹುವಚನದಲ್ಲೇ ಮಾತನಾಡಿಸಿ. ಸಲುಗೆ ಬೆಳೆದ ಮೇಲೆ ‘ಚಾಯ್ ಮಾಯ್ ಇಚೆರ್ ಮಿಸಿನ್?’ ಎಂದು ಕೇಳಬಹುದು: ಟೀ ಗೀ ಕುಡಿತೀಯಾ?