ಎಂಜಿಬಿಗೆ 3.7 ಆಕ್ಸಲ್, ಐದು ಗೇರ್: ನನ್ನ ಅನುಭವ

ನನ್ನ ಎಂಜಿಬಿ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಹಿಂದಿನ ಆಕ್ಸಲ್‌ನ ರೇಷಿಯೊ, ಅಂದರೆ ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ ಎಷ್ಟು ಸುತ್ತುತ್ತದೆ ಅನ್ನುವುದು, 3.909 ಇತ್ತು. ಅದನ್ನು ತೆಗೆದು 3.7 ಹಾಕುತ್ತೇನೆ ಅಂದಾಗ ಎಲ್ಲರೂ ಹೇಳಿದ್ದು ಒಂದೇ: ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ಖರ್ಚು ಬೇಡ, ಹಾಕುವುದಾದರೆ ಎಂಜಿಬಿಯದೇ ವಿ8 ಎಂಜಿನ್ ಮಾದರಿಯ 3.07 ಹಾಕು. ಅದನ್ನು ಹಾಕಿ, ಕೈಸುಟ್ಟುಕೊಂಡ ಮೇಲೆಯೇ ನಾನು 3.7ಕ್ಕೆ ಬಂದದ್ದು.

3.07ರಲ್ಲಿ ನೂರು ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ 3,450ರಿಂದ 2,700 ಸುತ್ತಿಗೆ ಇಳಿಯಿತು. ಸಮತಟ್ಟು ರಸ್ತೆಯಲ್ಲಿ ನಿಜಕ್ಕೂ ಸುಖ. ಆದರೆ ಒಂದನೇ ಗೇರ್ ನೋಡಿ. ನಾಲ್ಕೂ ಗೇರ್‌ಗೆ ಸಿಂಕ್ರೊ ಇರುವ ಗೇರ್‌ಬಾಕ್ಸ್‌ನಲ್ಲಿ 3.44 ಅನ್ನು 3.909ರಿಂದ ಗುಣಿಸಿದರೆ 13.4 ಬರುತ್ತದೆ, 3.07ರಿಂದ ಗುಣಿಸಿದರೆ 10.6. ಏರಿನಲ್ಲಿ ನಿಂತು ಹೊರಡಬೇಕಾದಾಗಲೆಲ್ಲ ಹಾಫ್ ಕ್ಲಚ್, ಸುಟ್ಟ ವಾಸನೆ. ಕೆಲವೇ ತಿಂಗಳಲ್ಲಿ ಕ್ಲಚ್ ಪ್ಲೇಟ್ ಕನ್ನಡಿಯಂತೆ ಹೊಳೆಯತೊಡಗಿತ್ತು. ಅದಕ್ಕಿಂತ ಹೆಚ್ಚು ಕಾಡಿದ್ದು ಉದ್ದನೆಯ ಏರು. 1,798 ಸಿಸಿಯ ಎಂಜಿನ್ನಿನ ಟಾರ್ಕ್ ತುದಿ ಮುಟ್ಟುವುದೇ ಸುಮಾರು 3,000ದಲ್ಲಿ. 2,700ರಲ್ಲಿ ಟಾಪ್, ಅಂದರೆ ನಾಲ್ಕನೇ ಗೇರ್, ಎಳೆಯುವುದಿಲ್ಲ, ಮೂರನೆಯದಕ್ಕೆ ಇಳಿಸಿದರೆ ಒಮ್ಮೆಲೇ 3,740. ನಡುವೆ ಏನೂ ಇಲ್ಲ. 3.5 ಲೀಟರ್ ವಿ8 ಆ ಕಂದಕವನ್ನು ದಾಟಿಬಿಡುತ್ತದೆ, ನಮ್ಮದು ದಾಟುವುದಿಲ್ಲ.

ಅಲ್ಲಿಂದ ನಾನು ಆಕ್ಸಲ್ ರೇಷಿಯೊ ಒಂದನ್ನೇ ನೋಡುವುದು ಬಿಟ್ಟೆ. ಒಂದನೇ ಗೇರ್ ಗುಣಿಸು ಆಕ್ಸಲ್, ಟಾಪ್ ಗುಣಿಸು ಆಕ್ಸಲ್, ಆಮೇಲೆ ಟಾಪ್‌ನ ಕೆಳಗಿನ ಗೇರ್ ಏರಿನಲ್ಲಿ ಎಷ್ಟು ಸುತ್ತು ಕೊಡುತ್ತದೆ. ಈ ಮೂರರಲ್ಲಿ ಕೊನೆಯದನ್ನು ಹೆಚ್ಚಿನವರು ಲೆಕ್ಕವನ್ನೇ ಹಾಕುವುದಿಲ್ಲ. ದಿನನಿತ್ಯ ಓಡಿಸುವವನಿಗೆ ಮುಖ್ಯವಾದದ್ದು ಅದೇ.

ಮುಂದೆ ಹಾಕಿದ್ದು ಫೋರ್ಡ್ ಟೈಪ್ 9 ಐದು ಸ್ಪೀಡಿನ ಗೇರ್‌ಬಾಕ್ಸ್. ಅದರ ರೇಷಿಯೊಗಳು 3.65, 1.97, 1.37, 1.00, 0.82. ಇದನ್ನು 3.909ರ ಜೊತೆ ಓಡಿಸಿದಾಗ ಒಂದನೇ ಗೇರ್ 14.3 ಆಯಿತು. ಹೊರಟು ಕಣ್ಣು ಮಿಟುಕಿಸುವುದರೊಳಗೆ ಎರಡನೆಯದಕ್ಕೆ ಹೋಗಬೇಕು. ಐದರಲ್ಲಿ ನೂರಕ್ಕೆ 2,830, ಅಂದರೆ ಹಳೆಯ ಬಾಕ್ಸಿನ ಓವರ್‌ಡ್ರೈವ್ (ಟಾಪ್‌ನಲ್ಲಿ ಎಂಜಿನ್ ಸುತ್ತು ಇಳಿಸುವ ಜೋಡಣೆ) ಕೊಡುತ್ತಿದ್ದಷ್ಟೇ. ಅಷ್ಟಕ್ಕೆ ಗೇರ್‌ಬಾಕ್ಸ್, ಬೆಲ್ ಹೌಸಿಂಗ್, ಬೇರೆ ಸ್ಪ್ಲೈನಿನ ಕ್ಲಚ್ ಪ್ಲೇಟ್, ಅಳತೆಗೆ ಮಾಡಿಸಿದ ಪ್ರೊಪೆಲ್ಲರ್ ಶಾಫ್ಟ್ ಅಂತ ದುಡ್ಡು ಸುರಿದದ್ದು ಹೊಟ್ಟೆ ಉರಿಸಿತು.

ಅದೇ ಬಾಕ್ಸಿಗೆ 3.7 ಕೊಟ್ಟಾಗ ಒಂದನೆಯದು 13.5. ಕಾರ್ಖಾನೆಯಿಂದ ಬಂದದ್ದು 13.4 ಇತ್ತಲ್ಲ! ಐದನೆಯದು 3.03, ವಿ8 ಆಕ್ಸಲ್‌ಗಿಂತ ಒಂದು ಕೂದಲು ಉದ್ದ, ನೂರಕ್ಕೆ 2,680. ಏರು ಬಂದರೆ ನಾಲ್ಕಕ್ಕೆ ಇಳಿಸಿದಾಗ 3,270, ಸರಿಯಾಗಿ ಟಾರ್ಕಿನ ಮೇಲೆ. 'ಸಣ್ಣ ವ್ಯತ್ಯಾಸ' ಅಂದವರು ಏರಿನಲ್ಲಿ ಓಡಿಸಿ ನೋಡಿದ ಮೇಲೆ ಇದೇ ಜೋಡಿಯ ಲೆಕ್ಕ ಬರೆದುಕೊಂಡು ಹೋದರು. ಒಂದು ಕೊರತೆ ಉಂಟು: ಒಂದರಿಂದ ಎರಡಕ್ಕೆ ಜಿಗಿತ ದೊಡ್ಡದು. 4,000ದಲ್ಲಿ ಬದಲಿಸಿದರೆ 2,160ಕ್ಕೆ ಬೀಳುತ್ತದೆ, ಹಳೆಯ ಬಾಕ್ಸ್‌ನಲ್ಲಿ 2,520. ಒಂದನೆಯದನ್ನು ಇನ್ನೂ ಸ್ವಲ್ಪ ಎಳೆದು ಬದಲಿಸಿದರೆ ಸರಿಹೋಗುತ್ತದೆ.

ಬಳಸಿದ ಆಕ್ಸಲ್ ಕೊಳ್ಳುವವರು ಚೀಟಿ ನಂಬಬೇಡಿ. 3.7 ಅಂತ ನನಗೆ ಕೊಟ್ಟದ್ದು 3.3 ಆಗಿತ್ತು, ತಿಳಿದದ್ದು ಸಾಗಾಟದ ಖರ್ಚು ಕೊಟ್ಟ ಮೇಲೆ. ಒಂದು ಚಕ್ರ ಅಲುಗದಂತೆ ಹಿಡಿದು ಇನ್ನೊಂದನ್ನು 20 ಸುತ್ತು ತಿರುಗಿಸಿ. ಪಿನಿಯನ್ ಫ್ಲ್ಯಾಂಜ್ (ಪ್ರೊಪೆಲ್ಲರ್ ಶಾಫ್ಟ್ ಆಕ್ಸಲ್‌ಗೆ ಕೂಡುವ ತುದಿ) 39 ಸುತ್ತಿದರೆ 3.909, 37 ಆದರೆ 3.7, 33 ಆದರೆ 3.3. ಕೊನೆಗೆ ರೇಷಿಯೊ ನಿರ್ಧರಿಸುವ ಎರಡು ಗೇರು, ಅಂದರೆ ದೊಡ್ಡ ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸುವ ಸಣ್ಣ ಪಿನಿಯನ್ ಜೋಡಿಯನ್ನೇ ಹೊಸದಾಗಿ ಕೊಂಡೆ.

ಕೂರಿಸುವುದರಲ್ಲಿ ಎರಡು ಸಲ ಸೋತೆ. ಟ್ಯೂಬ್ ಮಾದರಿಯ ಆಕ್ಸಲ್‌ನಲ್ಲಿ ಪಿನಿಯನ್ ಬೇರಿಂಗ್ ಪ್ರೀಲೋಡ್ (ಬೇರಿಂಗ್‌ಗೆ ಕೊಡುವ ಬಿಗಿ) ನಿಲ್ಲುವುದು ನಟ್ಟು ಬಿಗಿದಂತೆ ಕುಗ್ಗುವ ಸ್ಪೇಸರ್ ಮೇಲೆ. ನಟ್ಟು ಮೊದಲು ಕಲ್ಲಿನಂತೆ ನಿಲ್ಲುತ್ತದೆ, ಮೀಟರ್ ಉದ್ದದ ಪೈಪ್ ಹಾಕಿದರೂ ಜಗ್ಗುವುದಿಲ್ಲ. ಕುಗ್ಗಲು ಶುರುವಾದರೆ ಬೆರಳಗಲ ತಿರುಗಿಸಿದರೂ ಹೆಚ್ಚಾಯಿತು. ಬೇಕಾದದ್ದು 14ರಿಂದ 18 ಪೌಂಡ್-ಇಂಚು, ನನ್ನದು 25 ದಾಟಿತು. ನಟ್ಟು ಸಡಿಲಿಸಿ ಅದನ್ನು ಇಳಿಸುವಂತಿಲ್ಲ, ಸ್ಪೇಸರ್ ಹೊಸದೇ ಬೇಕು, ಜೊತೆಗೆ ಆಯಿಲ್ ಸೀಲ್ ಸಹ. ಎರಡು ಸ್ಪೇಸರ್ ಹೀಗೆ ಹೋದವು. ಮೂರನೆಯದನ್ನು ಕುಗ್ಗಿಸಿದ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎರಡನೆಯ ಸೋಲು ಪಿನಿಯನ್ ಆಳದ್ದು. ಹಲ್ಲಿಗೆ ಬಣ್ಣ ಹಚ್ಚಿ, ಬ್ರೇಕ್ ಸ್ವಲ್ಪ ಹಿಡಿದು ತಿರುಗಿಸಿದಾಗ ಗುರುತು ಎರಡೂ ಮಗ್ಗುಲಲ್ಲಿ ಹಲ್ಲಿನ ಬುಡಕ್ಕೆ ಕೂತಿತ್ತು, ಅಂದರೆ ಪಿನಿಯನ್ ತೀರ ಒಳಗಿತ್ತು. ಪರವಾಗಿಲ್ಲ ಅಂತ ಮುಚ್ಚಿದೆ. ಅರವತ್ತರಿಂದ ಎಂಬತ್ತರವರೆಗೆ ಒಂದೇ ಸಮನೆ ಊಳಿಡುತ್ತಿತ್ತು. ಮತ್ತೆ ಬಿಚ್ಚಿ, ಪಿನಿಯನ್ ತಲೆಯ ಹಿಂದಿನ ವಾಷರ್ ತೆಳ್ಳಗೆ ಮಾಡಿದ ಮೇಲೆ ಸದ್ದಡಗಿತು. ಪ್ರತಿ ಸಲ ಬೇರಿಂಗ್ ಎಳೆದು ಹಾಳು ಮಾಡಬೇಡಿ. ಹಳೆಯ ಬೇರಿಂಗ್ ಒಳಸುತ್ತನ್ನು ಕೈಯಲ್ಲಿ ಜಾರುವಷ್ಟು ಉಜ್ಜಿ ಇಟ್ಟುಕೊಂಡರೆ ಪರೀಕ್ಷೆಗೆ ಅದೇ ಸಾಕು. ಕ್ರೌನ್ ವೀಲ್ ಇರುವ ಡಿಫರೆನ್ಷಿಯಲ್ ಹೊರತೆಗೆಯಲು ಆಕ್ಸಲ್ ಕೇಸನ್ನು ಹಿಗ್ಗಿಸುವಾಗ 0.3 ಮಿ.ಮೀ. ಮೀರಬಾರದು. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಎಷ್ಟೆಂದು ಕ್ರೌನ್ ವೀಲ್ ಮೇಲೆಯೇ ಕೊರೆದಿರುತ್ತದೆ, ಅದಕ್ಕೇ ಹೊಂದಿಸಿ.

ಸ್ಪೀಡೊಮೀಟರ್ ಮರೆತರೆ ಅಪಾಯ. 3.07 ಇದ್ದಾಗ ಮುಳ್ಳು 80 ತೋರಿಸುತ್ತಿತ್ತು, ಗಾಡಿ 102ರಲ್ಲಿ ಓಡುತ್ತಿತ್ತು. ನನ್ನ ಮೀಟರಿನ ಮುಖದ ಮೇಲೆ 1280 ಅಂತಿದೆ, ಮೈಲಿಗೆ ಕೇಬಲ್ ಅಷ್ಟು ಸುತ್ತಬೇಕು. 165 ಅಳತೆಯ 14 ಇಂಚಿನ ಟೈರ್ ಕಿ.ಮೀ.ಗೆ ಸುಮಾರು 530 ಸುತ್ತು ಉರುಳುತ್ತದೆ. ಆ ಲೆಕ್ಕದಲ್ಲಿ ಚಕ್ರ 10 ಸುತ್ತು ಹೋದಾಗ ಕೇಬಲ್ 15 ಸುತ್ತಬೇಕು. ಕೇಬಲ್ ತುದಿಗೆ ಕಾಗದದ ಬಾವುಟ ಅಂಟಿಸಿ ಗಾಡಿ ತಳ್ಳಿ ಎಣಿಸಿದೆ, ವ್ಯತ್ಯಾಸಕ್ಕೆ ತಕ್ಕ ಗೇರಿನ ಅಡಾಪ್ಟರ್ ಹಾಕಿದೆ.

ನಡುವೆ 195/60 ಟೈರ್ ಹಾಕಿಯೂ ನೋಡಿದ್ದೆ. ವ್ಯಾಸ ಶೇ. 5ರಷ್ಟು ಕಡಿಮೆ, 3.909 ಆಕ್ಸಲ್ 4.1 ಆದಂತೆ. ಪಿಕಪ್ ಹಿತವಾಗಿತ್ತು, ಹೆದ್ದಾರಿಯಲ್ಲಿ ಕಿವಿ ನೋವು. ಆಕ್ಸಲ್ ಬಿಚ್ಚುವ ಮೊದಲು ಗಿಡ್ಡ ರೇಷಿಯೊ ಹೇಗಿರುತ್ತದೆಂದು ತಿಳಿಯಬೇಕಿದ್ದರೆ ಎರವಲು ತಂದ ಎರಡು ಹಿಂದಿನ ಚಕ್ರ ಸಾಕು.