ಬಸ್ ಸ್ಟಾಪುಗಳ ಪಟ್ಟಿ: ಪೈಥಾನ್ ಲಿಸ್ಟಿಗೆ ಸೇರಿಸುವಾಗ ನಾನು ಅನುಸರಿಸುವ ಕ್ರಮ

ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸಿನ ಸ್ಟಾಪುಗಳನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲಿಸ್ಟಿನಲ್ಲಿ (ಒಂದರ ಹಿಂದೊಂದು ಜೋಡಿಸಿಡುವ ಪಟ್ಟಿ) ಇಟ್ಟುಕೊಂಡರೆ, ಸೇರಿಸುವ ಎಲ್ಲ ವಿಧಾನಗಳೂ ಒಂದೇ ಕೆಲಸದಲ್ಲಿ ಬಂದುಬಿಡುತ್ತವೆ. ಇಲ್ಲಿ ಕ್ರಮವೇ ಮುಖ್ಯ. ಪಡುಬಿದ್ರಿಗಿಂತ ಮೊದಲು ಕಾಪು ಬಂದರೆ ಆ ಪಟ್ಟಿ ಯಾತಕ್ಕೂ ಬಾರದು.

ಲಿಸ್ಟಿನ ಹೆಸರನ್ನು ಕನ್ನಡದಲ್ಲೇ ಇಡಬಹುದು, ಪೈಥಾನ್ 3 ಒಪ್ಪುತ್ತದೆ. ಅಪೆಂಡ್ (append), ಇನ್ಸರ್ಟ್ (insert) ಮುಂತಾದ ಆಜ್ಞೆಗಳನ್ನು ಮಾತ್ರ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು. ನಾನು ಶುರು ಮಾಡಿದ್ದು ಹೀಗೆ:

ದಾರಿ = ["ಸುರತ್ಕಲ್", "ಮುಲ್ಕಿ", "ಪಡುಬಿದ್ರಿ"]

ಕೊನೆಗೆ ಒಂದೇ ಒಂದು ಸ್ಟಾಪು ಸೇರಿಸಲು ಅಪೆಂಡ್:

ದಾರಿ.ಅಪೆಂಡ್("ಕಾಪು")

ಇದನ್ನು "ದಾರಿ = ದಾರಿ.ಅಪೆಂಡ್(...)" ಎಂದು ಬರೆಯಲೇಬಾರದು. ಅಪೆಂಡ್ ಇದ್ದ ಲಿಸ್ಟನ್ನೇ ಬದಲಾಯಿಸುತ್ತದೆ, ವಾಪಸು ಕೊಡುವುದು ನನ್ (None, ಅಂದರೆ "ಏನೂ ಇಲ್ಲ") ಮಾತ್ರ. ಹಾಗೆ ಬರೆದ ಸಾಲಿನಲ್ಲಿ ಯಾವ ಎರರ್ ಕೂಡ ಬರುವುದಿಲ್ಲ, ಆದರೆ ಪಟ್ಟಿ ಕೈಬಿಟ್ಟು ಹೋಗಿರುತ್ತದೆ. ಮುಂದಿನ ಸಲ ದಾರಿಗೆ ಏನಾದರೂ ಸೇರಿಸಹೊರಟಾಗ ಆಟ್ರಿಬ್ಯೂಟ್‌ಎರರ್ ಕಾಣಿಸಿಕೊಳ್ಳುತ್ತದೆ. ತಪ್ಪು ಇರುವುದು ಎರರ್ ತೋರಿಸಿದ ಸಾಲಿನಲ್ಲಲ್ಲ, ಅದಕ್ಕಿಂತ ಮೇಲೆ.

ಹಲವು ಸ್ಟಾಪುಗಳಿದ್ದರೆ ಎಕ್ಸ್‌ಟೆಂಡ್:

ದಾರಿ.ಎಕ್ಸ್‌ಟೆಂಡ್(["ಕಟಪಾಡಿ", "ಉಡುಪಿ"])

ಈಗ ಉದ್ದ 6. ಇದೇ ಜಾಗದಲ್ಲಿ ಅಪೆಂಡ್ ಬಳಸಿದ್ದರೆ ಉದ್ದ 5 ಆಗುತ್ತಿತ್ತು, ಯಾಕೆಂದರೆ ಒಳಗಿನ ಲಿಸ್ಟು ಇಡಿಯಾಗಿ ಒಂದೇ ಸ್ಟಾಪಾಗಿ ಕೂರುತ್ತದೆ. ಆ ತಪ್ಪು ಹೊರಬೀಳುವುದು ಮುಂದೆಂದೋ ಜಾಯಿನ್ (join) ಬಳಸಿ ಹೆಸರುಗಳನ್ನೆಲ್ಲ ಒಂದೇ ಸಾಲಾಗಿ ಕಟ್ಟುವಾಗ, ಟೈಪ್‌ಎರರ್ ಆಗಿ.

ಕನ್ನಡದಲ್ಲಿ ಕೆಲಸ ಮಾಡುವವರು ಎಕ್ಸ್‌ಟೆಂಡಿನ ಇನ್ನೊಂದು ಗುಣ ತಿಳಿದಿರಲೇಬೇಕು. ಚೌಕ ಆವರಣ ಮರೆತು ದಾರಿ.ಎಕ್ಸ್‌ಟೆಂಡ್("ಉಚ್ಚಿಲ") ಎಂದು ಬರೆದರೆ ಊರು ಒಡೆದು ಚೂರಾಗುತ್ತದೆ. ಕಣ್ಣಿಗೆ ಕಾಣುವುದು ಮೂರು ಅಕ್ಷರ, ಲಿಸ್ಟಿಗೆ ಸೇರುವುದು 6 ತುಂಡು: ಉ, ಚ, ಹಲಂತ, ಚ, ಗುಡಿಸು, ಲ. ಪೈಥಾನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಾವು ಓದುವ ಅಕ್ಷರಗಳನ್ನಲ್ಲ. "+=" ಬಳಸಿದರೂ ಇದೇ ಗತಿ. ಪ್ರಿಂಟ್ ಮಾಡಿದಾಗ ಬಿಡಿ ಗುಡಿಸೋ ಕೊಂಬೋ ಕಂಡರೆ ಕಾರಣ ಇದೇ ಎಂದು ತಿಳಿಯಿರಿ.

ಉಚ್ಚಿಲ ಬರಬೇಕಾದದ್ದು ಪಡುಬಿದ್ರಿ ಮತ್ತು ಕಾಪುವಿನ ನಡುವೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಕಾಪುವಿನ ಸ್ಥಾನ 3, ಇನ್ಸರ್ಟ್(3, "ಉಚ್ಚಿಲ") ಸಾಕು. ಆದರೆ ಒಂದನ್ನು ತೂರಿಸಿದ ಕೂಡಲೇ ಅದರ ಮುಂದಿನವೆಲ್ಲ ಒಂದೊಂದು ಸ್ಥಾನ ಸರಿಯುತ್ತವೆ, ಮೊದಲೇ ಬರೆದಿಟ್ಟ ಅಂಕಿಗಳು ಸುಳ್ಳಾಗುತ್ತವೆ. ಹಾಗಾಗಿ ನಾನು ಅಂಕಿಯನ್ನು ನಂಬುವುದಿಲ್ಲ, ಊರಿನ ಹೆಸರು ಹಿಡಿದೇ ಹೋಗುತ್ತೇನೆ:

ದಾರಿ.ಇನ್ಸರ್ಟ್(ದಾರಿ.ಇಂಡೆಕ್ಸ್("ಕಾಪು"), "ಉಚ್ಚಿಲ")

ಹೆಸರು ಸಿಗದಿದ್ದರೆ ವ್ಯಾಲ್ಯೂಎರರ್ ಬಂದು ಕೆಲಸ ಅಲ್ಲೇ ನಿಲ್ಲುತ್ತದೆ. ಅದು ಒಳ್ಳೆಯದೇ. ನಮ್ಮ ಕಡೆ ಮುಲ್ಕಿ ಎಂದೂ ಬರೆಯುತ್ತಾರೆ, ಮೂಲ್ಕಿ ಎಂದೂ ಬರೆಯುತ್ತಾರೆ. ಪೈಥಾನಿಗೆ ಇವೆರಡು ಬೇರೆ ಬೇರೆ ಊರು. ಒಂದೇ ಕಾಗುಣಿತಕ್ಕೆ ಕಟ್ಟುಬೀಳಬೇಕು.

ಇನ್ಸರ್ಟ್(-1, ...) ಕೊನೆಗೆ ಸೇರಿಸುವುದಿಲ್ಲ, ಕೊನೆಯದಕ್ಕಿಂತ ಮೊದಲು ಸೇರಿಸುತ್ತದೆ. ಕಟಪಾಡಿ ದಾಟಿ ಉಡುಪಿಗೆ ಮೊದಲು ಬರುವ ಉದ್ಯಾವರಕ್ಕೆ ಇದು ಸರಿಹೊಂದುತ್ತದೆ. ಉಡುಪಿಯಿಂದಾಚೆಯ ಮಣಿಪಾಲಕ್ಕೆ ಅಪೆಂಡೇ ಬೇಕು. ಇನ್ನು ಇನ್ಸರ್ಟ್(100, ...) ಎಂದರೂ ಪೈಥಾನ್ ತಕರಾರು ಎತ್ತದೆ ಸುಮ್ಮನೆ ಕೊನೆಗೆ ಹಾಕಿಬಿಡುತ್ತದೆ. ದಾರಿ[100] = ... ಎಂದು ಬರೆದರೆ ಮಾತ್ರ ಇಂಡೆಕ್ಸ್‌ಎರರ್.

ವೇಗದ ಚಿಂತೆ ಇಷ್ಟು ಸಣ್ಣ ಪಟ್ಟಿಗೆ ಬೇಡ. ಲಕ್ಷಗಟ್ಟಲೆ ಸಾಲುಗಳನ್ನು ಮತ್ತೆ ಮತ್ತೆ ತಲೆಯ ಕಡೆಯಿಂದ ತುಂಬುವುದಿದ್ದರೆ ಇನ್ಸರ್ಟ್(0, ...) ಪ್ರತಿ ಸಲವೂ ಉಳಿದದ್ದನ್ನೆಲ್ಲ ಸರಿಸುತ್ತ ಕೂರುತ್ತದೆ, ಅಲ್ಲಿ ಕಲೆಕ್ಷನ್ಸ್ ಮಾಡ್ಯೂಲಿನ ಡೆಕ್ (deque, ಎರಡೂ ತುದಿಯಿಂದ ಸುಲಭವಾಗಿ ತುಂಬಬಹುದಾದ ಪಟ್ಟಿ) ತೆಗೆದುಕೊಂಡು ಅಪೆಂಡ್‌ಲೆಫ್ಟ್ ಬಳಸಿ.

ವಾಪಸು ಬರುವ ದಾರಿಗೆ "ವಾಪಸು = ದಾರಿ" ಎಂದು ಬರೆದರೆ ಎರಡನೇ ಲಿಸ್ಟು ಹುಟ್ಟುವುದಿಲ್ಲ, ಒಂದೇ ಲಿಸ್ಟಿಗೆ ಎರಡು ಹೆಸರಾಗುತ್ತದೆ. ವಾಪಸಿಗೆ ಸೇರಿಸಿದ ಸ್ಟಾಪು ಹೋಗುವ ದಾರಿಯಲ್ಲೂ ಕಾಣುತ್ತದೆ. ನಾನು ಬಳಸುವುದು ದಾರಿ[::-1]. ತಿರುಗಿಸಿದ ಹೊಸ ಲಿಸ್ಟೇ ಕೈಗೆ ಬರುತ್ತದೆ. ಆಮೇಲೆ ವಾಪಸು.ಅಪೆಂಡ್("ಕೊಟ್ಟಾರ ಚೌಕಿ") ಮಾಡಿ ಎರಡರ ಉದ್ದವನ್ನೂ ನೋಡಿ: ದಾರಿ 9, ವಾಪಸು 10 ಬರಬೇಕು.